ಮೊಣಕಾಲಿನ ಪಟ್ಟಿ

ಮೊನ್ನೆ ಮೂಲೆಯಲ್ಲಿದ್ದ ಕಾಲು ಹಾರ್ಮೋನಿಯಂನ ಮೇಲುಹಲಗೆ ತೆಗೆದೆ. ಹಳೇ ಅರಗು, ತೇಗದ ಮರ, ತಿದಿಯ ಚರ್ಮ ಎಲ್ಲ ಬೆರೆತ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಶಿರಾ ಪೇಟೆಬೀದಿಯ ಪೆಟ್ಟಿಗೆ ಸಾಬರ ಅಂಗಡಿಯೇ ಕಣ್ಣ ಮುಂದೆ ಬಂದಂತಾಯಿತು. ಹಾಳಾದ್ದು, ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚಲಿಲ್ಲ...

ಪೆಟ್ಟಿಗೆ ಸಾಬರು ಎಂದರೆ ಮಧುಗಿರಿ, ಕೊರಟಗೆರೆ, ಪಾವಗಡದ ನಾಟಕದವರಿಗೆಲ್ಲ ಗೊತ್ತು. ಮಹಾರಾಜರ ಕಾಲ ಅದು. ನಾಟಕದ ತಂಡಗಳು ಊರೂರಲ್ಲಿದ್ದವು, ಹಾರ್ಮೋನಿಯಂ ಮಾಡುವವರು ಮಾತ್ರ ಈ ಸೀಮೆಗೆಲ್ಲ ಅವರೊಬ್ಬರೇ. ನಾನು ಮಧುಗಿರಿಯ ಒಂದು ತಂಡದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಕೈಯಲ್ಲಿ ಒಂದಿಷ್ಟು ಸಂಗೀತ, ಮೂಗಿನ ತುದಿಯಲ್ಲಿ ಬೇಕಾದಷ್ಟು ಕೋಪ.

ನಮ್ಮಲ್ಲಿ ಸೀತೆಯ ಪಾತ್ರ ಮಾಡುವವನದು ದಾರದಂಥ ದನಿ. ನನ್ನ ಪೆಟ್ಟಿಗೆ ಅದನ್ನು ನುಂಗಿಹಾಕುತ್ತಿತ್ತು. ಪುರವರದ ಆಟದಲ್ಲಂತೂ ಜನ "ಪೆಟ್ಗೆ ನಿಲ್ಸಯ್ಯೋ, ಸೀತಮ್ಮ ಅಳಾದು ಕೇಳ್ಸಲಿ!" ಎಂದು ಕೂಗಿ ನನ್ನ ಮಾನ ತೆಗೆದರು. ಆ ವಾರದ ಶಿರಾ ಸಂತೆಗೇ ಸಾಬರ ಅಂಗಡಿಗೆ ಹೋದೆ. ಎರಡು ಕೈ ಸ್ವರದ ಮೇಲೆ, ಎರಡು ಪಾದ ತಿದಿಯ ಮೇಲೆ, ಬಿಡುವಾಗಿರುವುದು ಮೊಣಕಾಲೊಂದೇ. ಅದರಿಂದ ತಳ್ಳಿದರೆ ಒಳಗೊಂದು ಪುಟ್ಟ ಕದ ಮುಚ್ಚಿಕೊಂಡು ದನಿ ಇಳಿಯುವಂತೆ ಪಟ್ಟಿಯೊಂದನ್ನು ಹಾಕಿಕೊಡಿ ಎಂದೆ.

"ನಮ್ಮ ಉಸ್ತಾದ್ರು ಹಾಕ್ಲಿಲ್ಲ, ನಾನೂ ಹಾಕಲ್ಲ ಮೇಷ್ಟ್ರೇ," ಎಂದು ಅವರು ಉಳಿ ಮಸೆಯುತ್ತ ಕೂತರು. ನಾನೇನು ಬಿಡುವ ಪೈಕಿಯೇ? ಸಂತೆ ಸಂತೆಗೂ ಹೋಗಿ ಬೆನ್ನು ಬಿದ್ದೆ. ಕೊನೆಗೆ "ನಿಮ್ಮ ಕಾಟ ತಡಿಯಕ್ಕಾಗಲ್ಲ" ಎಂದು ನಕ್ಕು ಅಟ್ಟದಿಂದ ಹಲಗೆ ಇಳಿಸಿದರು. ತಾವೇ ನುಡಿಸಲು ಒಂದು ಪೆಟ್ಟಿಗೆ ಮಾಡಿಕೊಳ್ಳಬೇಕೆಂದು ವರ್ಷಗಟ್ಟಲೆ ಒಣಗಿಸಿಟ್ಟಿದ್ದ ತೇಗ ಅದು. ಸುತ್ತಲ ಊರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟವರಿಗೆ ತಮ್ಮದೆಂಬ ಪೆಟ್ಟಿಗೆ ಇರಲಿಲ್ಲ. ಅದರ ಬಗ್ಗೆ ನಾನು ಯೋಚಿಸಲೂ ಇಲ್ಲ.

ಆ ತೇಗದಲ್ಲೇ ನನ್ನ ಪೆಟ್ಟಿಗೆಗೆ ಕದ, ಪಟ್ಟಿ ಕೂರಿಸಿದರು. ಪಟ್ಟಿ ಸರಾಗವಾಗಿ ಆಡಿತು. ಸೀತೆ ಅತ್ತದ್ದು ಕೊನೆಯ ಸಾಲಿಗೂ ಕೇಳಿತು. ಹೋದಲ್ಲೆಲ್ಲ ಮೊಣಕಾಲು ಕುಣಿಸಿ ತೋರಿಸುತ್ತ ಮೆರೆದೆ. ಐದು ತಂಡದ ಮೇಷ್ಟ್ರುಗಳು ತಮಗೂ ಅಂಥದೇ ಬೇಕು, ಶಿವರಾತ್ರಿಯೊಳಗೇ ಬೇಕು ಎಂದರು. ಆ ಮಾತನ್ನು ಸಾಬರ ಹತ್ತಿರ ತಗೊಂಡು ಹೋದವನು ನಾನೇ.

"ಒಣಗಿದ್ದು ನಿಮ್ಮ ಪೆಟ್ಗೆಗೇ ಮುಗೀತು, ಈಗಿರೋ ಮರ ಹಸಿ ಐತೆ ಮೇಷ್ಟ್ರೇ. ಇನ್ನೆರಡು ಬೇಸ್ಗೆ ಒಣಗ್ಬೇಕು. ಕದ ಕೂದಲೆಳೆಯಷ್ಟು ಸೊಟ್ಟ ಆದ್ರೂ ಸಿಗಾಕ್ಕೊಂತದೆ."

"ನಾಟ್ಕ ನಿಮ್ಮ ಮರಕ್ಕೆ ಕಾಯ್ತದಾ ಸಾಬ್ರೇ? ಹಾಕ್ಬುಡಿ, ಏನೂ ಆಗಕಿಲ್ಲ. ನಾನಿಲ್ವಾ?"

ನಾನಿಲ್ವಾ ಅಂದೆನಲ್ಲ... ಅದನ್ನೇ ನಂಬಿ ಅವರು ಉಳಿ ಕೈಗೆತ್ತಿಕೊಂಡರು. ಮರ ಹಸಿ ಎಂಬುದನ್ನು ನಾನು ಆ ಐವರಿಗೆ ತಿಳಿಸಲೂ ಇಲ್ಲ.

ಬೇಸಿಗೆ ಬಲಿಯಿತು. ಐದೂ ಪೆಟ್ಟಿಗೆಗಳ ಕದ ಸೊಟ್ಟಗಾಗಿ ಹಾಡಿನ ನಡುವೆಯೇ ಸಿಕ್ಕಿಕೊಂಡವು. ರಾವಣ ಅಬ್ಬರಿಸಿದರೆ ಪೆಟ್ಟಿಗೆ ಮುಲುಗುತ್ತಿತ್ತಂತೆ. ಐವರೂ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ತುಂಬಿದ ಸಂತೆಯ ದಿನ ಅಂಗಡಿಯ ಮುಂದೆ ಬಂದು ನಿಂತರು. ನಾನೂ ಅಲ್ಲೇ ಇದ್ದೆ.

"ಹಸೀ ಮರ ಹಾಕು ಅಂತ ಯಾವೋನು ಯೋಳ್ದ ನಿಂಗೆ?" ಎಂದು ತಾವರೆಕೆರೆಯ ಮೇಷ್ಟ್ರು ಎಗರಾಡಿದರು.

ಸಾಬರು ಒಮ್ಮೆ ನನ್ನ ಮುಖ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಗರಗಸ ನೋಡಿದೆ.

"ಯಾರೂ ಹೇಳಿಲ್ಲ. ತಪ್ಪು ನಂದೇ," ಎಂದರು.

ಥೂ, ನನ್ನ ಜನ್ಮಕ್ಕಿಷ್ಟು! ಸೀತೆಯ ದನಿಗಾಗಿ ಅಷ್ಟು ಹಾರಾಡಿದವನಿಗೆ ಅವತ್ತು ನನ್ನ ದನಿಯೇ ಹೊರಡಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು...

ಆಮೇಲೆ ಯಾರೂ ಅವರಿಂದ ಪೆಟ್ಟಿಗೆ ಮಾಡಿಸಲಿಲ್ಲ. ಬಾಗಿಲು, ಮಂಚ ಮಾಡುತ್ತ ಕೂತರು. ನಾನು ಶಿರಾಕ್ಕೆ ಹೋದರೂ ಆ ಬೀದಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದೆ. ಒಂದು ದಿನ ಎದುರಿಗೇ ಸಿಕ್ಕಿಬಿಟ್ಟರು.

"ಪಟ್ಟಿ ಸರಿಯಾಗಿ ಆಡ್ತಾ ಐತಾ ಮೇಷ್ಟ್ರೇ?" ಎಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಲೆಯಾಡಿಸಿ ಬಂದೆ. ಮರುವರ್ಷ ಅವರು ಹೋದ ಸುದ್ದಿ ಬಂತು. ಮಣ್ಣಿಗೂ ನಾನು ಹೋಗಲಿಲ್ಲ.

ಮೊನ್ನೆ ಹಲಗೆ ಮುಚ್ಚಿ, ತಿದಿ ತುಳಿದು, ಮೊಣಕಾಲಿನಿಂದ ಪಟ್ಟಿ ತಳ್ಳಿದೆ. ಇಷ್ಟು ವರ್ಷವಾದರೂ ಕದ ಎಲ್ಲೂ ತಡೆಯಲಿಲ್ಲ. ದನಿ ಮೆಲ್ಲಗೆ ಇಳಿಯಿತು. "ಅವಸರ ಮಾಡ್ದೋನು ನಾನು ಕಣ್ರಪ್ಪಾ, ಸಾಬ್ರಲ್ಲ," ಎಂದೆ ಗಟ್ಟಿಯಾಗಿ. ಕೇಳಿಸಿಕೊಳ್ಳಬೇಕಾಗಿದ್ದ ಐವರಲ್ಲಿ ಈಗ ಒಬ್ಬರೂ ಇಲ್ಲ.