ಫ್ರಾನ್ಸಿನಾ ಗೋಡೆಯ ಜಗಳಗಂಟ ತ್ರಿಕೋನಗಳು

ಇನ್ನೂ ಆರು ಗಂಟೆಯಾಗಿಲ್ಲ. ಫ್ರಾನ್ಸಿನಾ ಮಾಸೊಂಬುಕಾ ಆಗಲೇ ಆಸ್ಪತ್ರೆಯ ಕಾಂಪೌಂಡ್ ಗೋಡೆಗೆ ಸಗಣಿ, ಮಣ್ಣು ಕಲಸಿ ಬಳಿಯುತ್ತಿದ್ದಾರೆ. ವಯಸ್ಸು ಅರವತ್ತೇಳು. ಮಳೆಗಾಲ ಮುಗಿದ ಮೇಲೆ ಈ ಗೋಡೆಗೆ ಚಿತ್ತಾರ ಬರೆಯುವುದು ಇಪ್ಪತ್ತೆರಡು ವರ್ಷದಿಂದ ಅವರದೇ ಕೆಲಸ. ಈ ವರ್ಷ ಬೇಡವೆಂದು ಮೇಲಿನ ಕಚೇರಿ ಹೇಳಿದೆ. ಅವರ ಚಿತ್ತಾರದ್ದೇ ಫೋಟೊ ತೆಗೆದು, ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿಸಿ ಅಂಟಿಸುತ್ತಾರಂತೆ. ಈ ಬುದ್ಧಿಗೆ ಏನು ಹೇಳೋಣ? ಹಾಳೆ ಹೊತ್ತ ಲಾರಿ ಇವತ್ತೇ ಪ್ರಿಟೋರಿಯಾದಿಂದ ಬರುತ್ತದೆ.

"ಬರ್ಲಿ ಬಿಡು. ಹಸಿ ಗೋಡೆಗೆ ಅದು ಹೆಂಗೆ ಅಂಟುತ್ತೋ ನೋಡೇಬಿಡೋಣ," ಎನ್ನುತ್ತಾರೆ ಫ್ರಾನ್ಸಿನಾ.

ದಕ್ಷಿಣ ಆಫ್ರಿಕಾದ ನ್ಡೆಬೆಲೆ ಜನಾಂಗದ ಹೆಣ್ಣುಮಕ್ಕಳಿಗೆ ಗೋಡೆಗೆ ಚಿತ್ತಾರ ಬರೆಯುವುದು ತಾಯಿಯಿಂದ ಬರುವ ವಿದ್ಯೆ. ಫ್ರಾನ್ಸಿನಾ ಹತ್ತನೇ ವಯಸ್ಸಿಗೇ ಕೋಳಿಪುಕ್ಕದ ಕುಂಚ ಹಿಡಿದವರು. ಆದರೆ ಮದುವೆಯಾದ ಮೇಲೆ ಹದಿನಾಲ್ಕು ವರ್ಷ ಪಟ್ಟಣದ ಬಿಳಿಯರ ಮನೆಯೊಂದರಲ್ಲಿ ಕೆಲಸಕ್ಕಿದ್ದರು. "ಅಮ್ಮಾವ್ರ ಮನೆ ತುಂಬಾ ಬಿಳೀ ಗೋಡೆ. ದಿನಾ ಒರೆಸ್ಬೇಕು. ಒಂದು ಗೆರೆ ಎಳೆದಿದ್ರೆ ಅವತ್ತೇ ಆಚೆಗೆ. ಅಲ್ಲಿ ನುಂಗ್ಕೊಂಡಿದ್ದನ್ನೆಲ್ಲ ಇಲ್ಲಿ ತೀರಿಸ್ಕೋತಿದೀನಿ."

ತೀರಿಸಿಕೊಳ್ಳುವ ಪರಿ ನೋಡಬೇಕು. ಸ್ಕೇಲಿಲ್ಲ, ದಾರವಿಲ್ಲ, ಮೊಣಕೈಯೇ ಅಳತೆ. ನೇರಳೆ ತ್ರಿಕೋನದ ಬೆನ್ನಿಗೆ ಹಳದಿ ಮೆಟ್ಟಿಲು, ಅದರ ತಲೆಯ ಮೇಲೆ ಗಿಣಿಹಸಿರು ಚೌಕ, ಎಲ್ಲಕ್ಕೂ ಕಪ್ಪು ಅಂಚು. ಒಂದು ಗೋಡೆಗೆ ಎಂಟು ಬಕೆಟ್ ಮಣ್ಣು, ಆರು ಬಣ್ಣ, ಹನ್ನೊಂದು ದಿನ. ಇದರ ಅರ್ಥವೇನೆಂದು ಕೇಳಿದವರಿಗೆ ಬೈಗುಳ ಖಾಯಂ. "ತ್ರಿಕೋನ ಅಂದ್ರೆ ತ್ರಿಕೋನ. ನೋಡಿದ್ರೆ ಕುಣೀಬೇಕು ಅನ್ಸುತ್ತಾ ಇಲ್ವಾ, ಅದನ್ನ ಹೇಳು."

ಎಂಟಕ್ಕೆ ಲಾರಿ ಬರುತ್ತದೆ. ಅದರಲ್ಲಿ ಬಂದ ಕೆಲಸಗಾರ ಶೆಪೊ ಹಾಳೆ ಬಿಚ್ಚುತ್ತಾನೆ. ಕಂಪ್ಯೂಟರು ಗೆರೆಗಳನ್ನೆಲ್ಲ ನೆಟ್ಟಗೆ ಮಾಡಿ, ಎಡದ ಚಿತ್ತಾರವನ್ನೇ ಬಲಕ್ಕೂ ಮಗುಚಿ ಹಾಕಿದೆ. ಮೂಲೆಯಲ್ಲಿ ಫ್ರಾನ್ಸಿನಾ ಹೆಸರಿದ್ದ ಜಾಗದಲ್ಲಿ ಕಚೇರಿಯ ಮುದ್ರೆ ಕೂತಿದೆ.

"ನನ್ನ ಗೋಡೇಲಿ ಎಡಕ್ಕೂ ಬಲಕ್ಕೂ ಜಗಳ ಇರುತ್ತೆ ಕಣೋ. ಅದನ್ನ ನೋಡೋಕೇ ಜನ ನಿಲ್ಲೋದು. ಇದರಲ್ಲಿ ನೋಡೋಕೆ ಏನಿದೆ?"

ಶೆಪೊ ಹಾಳೆ ಒತ್ತುತ್ತಾನೆ, ಅದು ಜಾರುತ್ತದೆ. ಮತ್ತೆ ಒತ್ತಿದರೆ ಅಂಗೈ ತುಂಬ ಸಗಣಿ. ಔಷಧಿಗೆ ಸಾಲಾಗಿ ಕೂತ ಹೆಂಗಸರು ಹೊದ್ದ ಕಂಬಳಿಯನ್ನೇ ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ.

"ಒಣಗೋದು ಯಾವಾಗ ಅಜ್ಜೀ?" ಶೆಪೊ ಕೈ ಒರೆಸಿಕೊಳ್ಳುತ್ತಾ ಕೇಳುತ್ತಾನೆ.

"ನಾಲ್ಕು ದಿನ ಬೇಕು. ನಾಲ್ಕನೇ ದಿನ ಇನ್ನೊಂದು ಕೈ ಬಳೀತೀನಿ."

ಲಾರಿ ವಾಪಸು ಹೋಗುತ್ತದೆ. ಕಚೇರಿ ಸುಮ್ಮನಿರುವುದಿಲ್ಲ ಎಂಬುದು ಫ್ರಾನ್ಸಿನಾಗೂ ಗೊತ್ತು. ತೋರುಬೆರಳಿನಿಂದ ಹಸಿ ಮಣ್ಣಿನಲ್ಲಿ, ಗೋಡೆಯ ನಟ್ಟನಡುವೆ, ಆಳವಾಗಿ ತಮ್ಮ ಹೆಸರು ಕೆತ್ತುತ್ತಾರೆ.

"ಪ್ರತಿ ವರ್ಷ ಕೊನೇಲಿ, ಮೂಲೇಲಿ ಬರೀತಿದ್ದೆ. ಈ ಸಲ ಮೊದ್ಲು ಹೆಸರು, ಆಮೇಲೆ ಬಣ್ಣ. ಅಳಿಸೋರು ನನ್ನ ಕಣ್ಣೆದುರಿಗೇ ಬಂದು ಅಳಿಸ್ಲಿ."