ಫಕೀರಪ್ಪನ ಕೆಂಪು ದಾರ

ಇನ್ನೂರು ರೂಪಾಯಿ ಇಳಿಸಲು ಹೋಗಿ ಹದಿನೆಂಟು ಸಾವಿರ ತೆತ್ತೆ. ಜೊತೆಗೆ ಹೋದ ಮಾನಕ್ಕೆ ಬೆಲೆ ಕಟ್ಟಿಲ್ಲ. ಕಾರಣ, ಕೋಲ್ಕತ್ತಾದ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್ ಫಕೀರಪ್ಪ. ತಪ್ಪೆಲ್ಲ ಅವನದೇ ಎಂದರೆ ನನ್ನ ಹೆಂಡತಿ ಒಪ್ಪುವುದಿಲ್ಲ. ಅವಳು ಯಾವಾಗ ಒಪ್ಪಿದ್ದಾಳೆ?

ಫಕೀರಪ್ಪ ಗಿರಾಕಿಗೆ ಮುಖ ತೋರಿಸುತ್ತಿರಲಿಲ್ಲ, ಬೆನ್ನು ತೋರಿಸುತ್ತಿದ್ದ. ಧಾರವಾಡದ ಕಡೆಯವನು. ಸೈನ್ಯದ ಲಾರಿಗಳನ್ನು ರಿಪೇರಿ ಮಾಡುತ್ತ ಕೋಲ್ಕತ್ತಾಗೆ ಬಂದು, ಬಂಗಾಳಿ ನರ್ಸೊಬ್ಬಳನ್ನು ಮದುವೆಯಾಗಿ ಇಲ್ಲೇ ಬೇರೂರಿದ್ದ. ಕೇರಿಯವರು ಪ್ರೀತಿಯಿಂದ ಫಕೀರ್‌ದಾ, ಅಂದರೆ ಫಕೀರಣ್ಣ, ಎಂದು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ನಿಂತನೆಂದರೆ ಸುತ್ತ ಯಾರೂ ಉಸಿರೆತ್ತುವಂತಿಲ್ಲ. "ಬಾಯಿ ಮುಚ್ಚ್ರಿ. ಗಾಡಿ ಮಾತಾಡಾಕತ್ತೈತಿ."

ನಾನು ಬಾಯಿಂದಲೇ ಬದುಕಿದವನು. ಕುಂದಾಪುರದಿಂದ ಬರಿಗೈಯಲ್ಲಿ ಬಂದು, ಕ್ಯಾಂಟೀನುಗಳಿಗೆ ಸ್ಟೀಲ್ ಪಾತ್ರೆ ಮಾರಿ ಮನೆ ಮಾಡಿದವನು. ಮೀನಿನಿಂದ ಹಿಡಿದು ಫ್ಲಾಟಿನವರೆಗೆ ಹೇಳಿದ ಬೆಲೆಗೆ ಏನನ್ನೂ ಕೊಂಡಿಲ್ಲ. ನಮ್ಮಿಬ್ಬರಿಗೂ ಆಗಿಬರಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನು?

ನನ್ನ ಹತ್ತಿರ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಇತ್ತು, ಈಗಲೂ ಇದೆ. ಮಗಳನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲೇ. ಅವಳ ಮದುವೆ ಊರಿನ ಉತ್ತರ ತುದಿಯ ಬಾರಾನಗರದಲ್ಲಿ ಎಂದು ನಿಶ್ಚಯವಾದಾಗ, ಛತ್ರದ ಬಾಗಿಲಲ್ಲಿ ಅವಳು ಇಳಿಯುವುದೂ ಅದೇ ಕಾರಿನಿಂದ ಎಂದು ನೂರು ಜನರ ಮುಂದೆ ಹೇಳಿಬಿಟ್ಟೆ. ಮೂರು ವಾರ ಮೊದಲು ಟೈಮಿಂಗ್ ಸರಿಮಾಡಿಸಲು ಫಕೀರಪ್ಪನಲ್ಲಿಗೆ ಹೋದೆ.

ಟೈಮಿಂಗ್ ಎಂದರೆ ಪೆಟ್ರೋಲಿಗೆ ಕಿಡಿ ತಾಗಬೇಕಾದ ಕ್ಷಣ. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆ ಕ್ಷಣ ಹಿಂದೆ ಮುಂದೆ ಆಗುತ್ತದೆ. ಗಾಡಿ ಆರಾಮಾಗಿ ಓಡುವಾಗ ಕಿಡಿ ಇನ್ನೂ ತುಸು ಬೇಗ ಬೇಕು; ಅದಕ್ಕೆಂದು ಕಾರ್ಬುರೇಟರಿನಿಂದ ಒಂದು ಸಣ್ಣ ರಬ್ಬರ್ ಪೈಪ್ ಬಂದು, ಎಂಜಿನ್ನಿನ ಎಳೆತದಿಂದಲೇ ಕಿಡಿಯನ್ನು ಅಷ್ಟು ಬೇಗ ಹಾರಿಸುತ್ತದೆ. ಟೈಮಿಂಗ್ ಇಡುವಾಗ ಆ ಎಳೆತ ಅಡ್ಡ ಬರದಿರಲೆಂದು ಫಕೀರಪ್ಪ ಪೈಪನ್ನು ಕಿತ್ತು, ಅದರ ಬಾಯಿಗೆ ಒಂದು ಸ್ಕ್ರೂ ತುರುಕಿದ. ಮರೆಯಬಾರದೆಂದು ಸ್ಕ್ರೂವಿಗೆ ಕೆಂಪು ದಾರ ಕಟ್ಟಿದ್ದ. ಮಿನುಗುವ ಲೈಟು ಹಿಡಿದು ಗುರುತು ನೋಡಿ, ಡಿಸ್ಟ್ರಿಬ್ಯೂಟರ್ ಬಿಗಿದ.

"ಈಗ ಸದರ್ನ್ ಅವೆನ್ಯೂದಾಗ ಒಂದ್ ಸುತ್ತು. ಆಮ್ಯಾಲೆ ಪೈಪ್ ಹಚ್ಚೂದು. ಆಮ್ಯಾಲೆ ಇನ್ನೊಂದ್ ಸುತ್ತು," ಎಂದು ಬಾನೆಟ್ಟಿಗೆ ಹೇಳಿದ.

"ಎರಡು ಸುತ್ತಿನ ಪೆಟ್ರೋಲ್ ಯಾರದ್ದು ಮಾರಾಯ್ರೆ? ಇಷ್ಟೇ ಇಷ್ಟು ತಿರುಗಿಸಿದ್ದಕ್ಕೆ ಎಂಟ್ನೂರಾ? ಆರ್ನೂರು ಕೊಡುವ."

ಅವನು ಬಾನೆಟ್ ಧಡಾರನೆ ಮುಚ್ಚಿದ. "ನಿಮ್ಮ ರೊಕ್ಕಾನೂ ಬ್ಯಾಡ, ನಿಮ್ಮ ಗಾಡೀನೂ ಬ್ಯಾಡ. ನಡೀರಿ."

ಬಿಟ್ಟಿ ಕೆಲಸವಾಯಿತೆಂದು ಹೊರಟೆ. ಗಲ್ಲಿಯ ತಿರುವಿನಲ್ಲಿ ಅವನು ಹಿಂದಿನಿಂದ ಕೂಗಿದ್ದು ಕೇಳಿಸಿತು: "ಏ ಸೇಠ್! ನಿಂದರ್ರಿ! ಪೈಪ್..." ಎದ್ದು ಹೊರಟ ಗಿರಾಕಿಯನ್ನು ಹಿಂದಿನಿಂದ ಕರೆಯುವುದು ವ್ಯಾಪಾರದ ಹಳೆಯ ಪಟ್ಟು. ತಿರುಗಿದವನು ಸೋತ. ನಾನು ತಿರುಗಲಿಲ್ಲ.

ಮರುದಿನದಿಂದ ಕಾರು ಮುದಿ ಎಮ್ಮೆಯಂತೆ ಕಾಲೆಳೆದು ನಡೆಯತೊಡಗಿತು. ಫಕೀರಪ್ಪನ ಏಳು ತಲೆಮಾರನ್ನು ಬೈದು, ನಾನೇ ಸ್ಪ್ಯಾನರ್ ಹಿಡಿದು, ಕಿಡಿ ಬೇಗ ಹಾರುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿದೆ. ಕಾರು ಚುರುಕಾಯಿತು. ಮದುವೆಗೆ ಎರಡು ದಿನವಿರುವಾಗ ನೀರು ಹಾಕಲು ಬಾನೆಟ್ ಎತ್ತಿದರೆ ಕಣ್ಣಿಗೆ ಬಿತ್ತು ಕೆಂಪು ದಾರ.

"ಕಳ್ಳ! ನೋಡೇ, ಬೇಕಂತಲೇ ಬಿಟ್ಟಿದ್ದಾನೆ!" ಎಂದು ಹೆಂಡತಿಗೆ ತೋರಿಸಿ, ಸ್ಕ್ರೂ ಕಿತ್ತು ಪೈಪ್ ಸಿಕ್ಕಿಸಿದೆ.

"ಹಾಗಾದ್ರೆ ನೀವು ತಿರುಗಿಸಿದ್ದನ್ನ ವಾಪಸ್ ತಿರುಗಿಸೂದು ಬೇಡ್ವಾ?" ಎಂದಳು.

"ನಿಂಗೆ ಎಂತ ಗೊತ್ತು?" ಎಂದೆ.

ಮದುವೆಯ ಬೆಳಿಗ್ಗೆ ಹೂವಿನ ಹಾರ ಹೊತ್ತು ಹೊರಟ ಕಾರಿನೊಳಗಿಂದ, ಡಬ್ಬಿಯಲ್ಲಿ ಜಲ್ಲಿ ಕುಲುಕಿದಂಥ ಸದ್ದು. ಸಮತಟ್ಟಾದ ರಸ್ತೆಯಲ್ಲೂ ನಿಲ್ಲದು. ನಾನು ರೇಡಿಯೋ ಜೋರು ಮಾಡಿದೆ. ಬಾರಾನಗರ ಇನ್ನೂ ಎರಡು ಮೈಲಿ ಇರುವಾಗ ಕಾರು ಸೊರಗಿ, ನೀಲಿ ಹೊಗೆ ಬಿಟ್ಟು ನಿಂತಿತು. ರೇಷ್ಮೆ ಸೀರೆಯ ಮಗಳು ಹಿಂದಿನ ಸೀಟಿನಿಂದ ನನ್ನನ್ನೇ ನೋಡುತ್ತಿದ್ದಳು. ಮಾನ ಬಿಟ್ಟು ಫಕೀರಪ್ಪನಿಗೆ ಫೋನ್ ಮಾಡಿದೆ.

ಎಲ್ಲ ಕೇಳಿದ ಮೇಲೆ ಅವನು ಕೇಳಿದ್ದು ಒಂದೇ ಮಾತು. "ಪೈಪ್ ಹಚ್ಚಿದ ಮ್ಯಾಲೆ ಟೈಮಿಂಗ್ ಹಿಂದಕ್ಕ ತಂದಿರೇನು?"

"ಇಲ್ಲ," ಎಂದು ರೇಡಿಯೋ ಆರಿಸಿದೆ.

"ಹಂಗಾರ ಕಿಡಿ ಭಾಳ ಲಗೂ ಹಾರಿ ಪಿಸ್ಟನ್ನಿಗೆ ತೂತು ಬಿದ್ದೈತಿ. ಟ್ಯಾಕ್ಸಿ ಹಿಡೀರಿ." ಫೋನ್ ಇಟ್ಟ.

"ಅಪ್ಪಾ, ಛೋಡೋ ನಾ, ಪ್ಲೀಸ್. ನಾನು ಕ್ಯಾಬ್ ಬುಕ್ ಮಾಡ್ದೆ ಆಲ್ರೆಡಿ," ಎಂದಳು ಮಗಳು. ಛತ್ರದ ಬಾಗಿಲಲ್ಲಿ ಅವಳು ಯಾರದೋ ಬಿಳಿ ಕಾರಿನಿಂದ ಇಳಿದಳು. ನೂರು ಜನ ನೋಡಿದರು.

ಕೊನೆಗೆ ಎಂಜಿನ್ ಬಿಚ್ಚಿದ್ದು ಫಕೀರಪ್ಪನೇ. ಬೇರೆ ಇಬ್ಬರು ಮೆಕ್ಯಾನಿಕ್‌ಗಳು, ಇದನ್ನು ಗುಜರಿಗೆ ಹಾಕಿ ಎಂದಿದ್ದರು. ಹದಿನೆಂಟು ಸಾವಿರ ಎಂದ, ಕೊಟ್ಟೆ. ಲೈಟು, ಸ್ಕ್ರೂ, ಕೆಂಪು ದಾರ, ಸದರ್ನ್ ಅವೆನ್ಯೂದಲ್ಲಿ ಒಂದು ಸುತ್ತು. ಪೈಪ್ ಹಚ್ಚಿ ಇನ್ನೊಂದು. ಅಷ್ಟು ಹೊತ್ತೂ ನಾನು ತುಟಿ ಬಿಚ್ಚಲಿಲ್ಲ. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ, ಬೆನ್ನು ಹಾಕಿಯೇ ಹೇಳಿದ: "ಈಗ ಮಾತಾಡ್ರಿ."

ಒಳ್ಳೊಳ್ಳೆಯ ಬೈಗುಳ ಕೂಡಿಟ್ಟುಕೊಂಡು ಹೋಗಿದ್ದೆ. ಎಲ್ಲವನ್ನೂ ಹಾಗೇ ಮನೆಗೆ ವಾಪಸ್ ತಂದೆ.

ಮುಂದಿನ ವರ್ಷ ಹೋದಾಗ ಶೆಡ್ಡಿನಲ್ಲಿ ಮೋಮೋ ಬೇಯುತ್ತಿತ್ತು. ಹೆಂಡತಿ ರಿಟೈರಾದಳೆಂದು ಅವಳ ಊರಿಗೆ ಹೋದನಂತೆ. ಗಿರಾಕಿಗಳಿಗೆ ಒಂದು ಮಾತಿಲ್ಲ. ಹೋಗುವಾಗಲೂ ಬೆನ್ನನ್ನೇ ತೋರಿಸಿದ. ಅವನನ್ನು ಒಳ್ಳೆಯವನೆಂದು ನನ್ನ ಕೈಯಲ್ಲಿ ಬರೆಸಲು ಯಾರಿಂದಲೂ ಆಗದು.

ಆದರೂ ಕಾರ್ಬುರೇಟರ್ ಗಾಡಿ ಇಟ್ಟುಕೊಂಡವರು ಕೇಳಿ. ಚೌಕಾಸಿ ಏನಿದ್ದರೂ ಬಾನೆಟ್ ಎತ್ತುವ ಮೊದಲೇ ಮುಗಿಸಿ. ಪೈಪ್ ಕಿತ್ತು ಬಾಯಿ ಮುಚ್ಚಿದ ಮೇಲೆಯೇ ಟೈಮಿಂಗ್ ಇಡಿಸಿ, ಮತ್ತೆ ಹಚ್ಚಿದ್ದನ್ನು ನಿಮ್ಮ ಕಣ್ಣಿಂದಲೇ ನೋಡಿ. ನಡುವೆ ನೀವೇ ಏನಾದರೂ ತಿರುಗಿಸಿದ್ದರೆ ಒಪ್ಪಿಕೊಂಡು ಮೊದಲಿನಿಂದ ಮಾಡಿಸಿ. ಎದ್ದು ಹೊರಟಾಗ ಮೆಕ್ಯಾನಿಕ್ ಹಿಂದಿನಿಂದ ಕೂಗಿದರೆ ತಿರುಗಿ ನೋಡಿ. ಎಲ್ಲರೂ ಬೆಲೆ ಇಳಿಸಲಿಕ್ಕೇ ಕರೆಯುವುದಿಲ್ಲ.