ಶಂಕ್ರಪ್ಪನ ರೇಡಿಯೋ ಪರವಾನಗಿ

ಗಂಗವ್ವ, ಅಂದು ನೀನು ಹೇಳಿದ್ದು ಸುಳ್ಳಲ್ಲ. ನಿನ್ನ ಗಂಡ ಶಂಕ್ರಪ್ಪನ ಪರವಾನಗಿ ಕಾಗದ ನನ್ನ ಹತ್ತಿರವೇ ಇತ್ತು. ಪೊಲೀಸ್ ಫೌಜದಾರನ ಎದುರು, ಓಣಿಯ ಎದುರು ನಾನು ಇಲ್ಲ ಎಂದೆ. ಮರೆತು ಹೇಳಿದ್ದಲ್ಲ, ಹೆದರಿ ಹೇಳಿದ್ದೂ ಅಲ್ಲ — ಬೇಕೆಂದೇ ಹೇಳಿದೆ.

ಇಷ್ಟನ್ನು ಬರೆಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಉಳಿದದ್ದನ್ನೂ ಬರೆದುಬಿಡುತ್ತೇನೆ.

ಬಾಗಲಕೋಟೆಯ ನಮ್ಮ ಓಣಿಯಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ, ಶಂಕ್ರಪ್ಪ ಗಡಿಯಾರ ರಿಪೇರಿಯವನು. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವನು. ಆದರೆ ಅವನು ಕೈಯಿಟ್ಟ ಯಂತ್ರ ನಡೆಯದೆ ಇರುತ್ತಿರಲಿಲ್ಲ. ಮನೆಯಲ್ಲೇ ಒಂದು ರೇಡಿಯೋ ಸೆಟ್ಟು ಕಟ್ಟಿಕೊಂಡು ದೂರದೇಶದವರೊಡನೆ ಮಾತಾಡಬಹುದು, ಅದಕ್ಕೆ ಸರ್ಕಾರ ಪರೀಕ್ಷೆ ಮಾಡಿ ಪರವಾನಗಿ ಕೊಡುತ್ತದೆ ಎಂದು ಅವನಿಗೆ ಹೇಳಿದವನೇ ನಾನು. ಇಂಗ್ಲಿಷ್ ಕಲಿಸಿದವನೂ ನಾನೇ. ಚುಕ್ಕೆ ಗೆರೆಗಳ ಮೋರ್ಸ್ ಭಾಷೆಯನ್ನು ಇಬ್ಬರೂ ಕೂಡಿ ಕಲಿತೆವು — ನಿನ್ನ ಅಡುಗೆಮನೆಯ ಬಾಗಿಲಲ್ಲಿ ಕುಳಿತು, ಬಾಯಲ್ಲೇ ಕುಯ್ ಕುಯ್ ಎನ್ನುತ್ತ. ನೀನು ರೊಟ್ಟಿ ಬಡಿಯುತ್ತ ನಗುತ್ತಿದ್ದೆ.

ಇಬ್ಬರೂ ಮುಂಬಯಿಗೆ ಹೋಗಿ ಪರೀಕ್ಷೆಗೆ ಕುಳಿತೆವು. ಅವನು ಪಾಸಾದ. ನಾನು ನಪಾಸಾದೆ. ಕಿವಿಯಲ್ಲಿ ಮೋರ್ಸಿನ ಸದ್ದು ಓಡುತ್ತಿತ್ತು, ನನ್ನ ಪೆನ್ಸಿಲ್ಲು ಹಿಂದೆ ಬಿದ್ದಿತು, ಆಮೇಲೆ ನಿಂತೇ ಹೋಯಿತು... ಊರಿಗೆ ಮರಳಿ, ಪರೀಕ್ಷೆಗೆ ನಾನು ಕುಳಿತೇ ಇಲ್ಲ, ಅವನ ಜೊತೆಗೆ ಹೋಗಿದ್ದೆ ಅಷ್ಟೇ ಎಂದು ಎಲ್ಲರಿಗೂ ಹೇಳಿದೆ. ಶಂಕ್ರಪ್ಪ ಆ ಸುಳ್ಳನ್ನು ಯಾರ ಮುಂದೆಯೂ ಒಡೆಯಲಿಲ್ಲ. ಬಹುಶಃ ನಿನಗೂ ಹೇಳಲಿಲ್ಲ. ಒಡೆದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆನೇನೋ. ಅವನ ಆ ಒಳ್ಳೆಯತನವನ್ನು ನನಗೆ ಸಹಿಸಲಾಗಲಿಲ್ಲ.

ಪರವಾನಗಿ ಬಂದ ಮೇಲೆ ಅವನು ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ಸೆಟ್ಟಿಗೆಂದು ತಾಮ್ರದ ತಂತಿ ಎಳೆದ. ಓಣಿ ಗಾಬರಿಯಾಯಿತು. ತಂತಿಗೆ ಸಿಡಿಲು ಬೀಳುತ್ತದೆ, ಬಸುರಿಯರಿಗೆ ಕೇಡು ಎಂದೆಲ್ಲ ಮಾತು ಎದ್ದಿತು. ಹಿರಿಯರು ಕೂಡಿದರು. ಅವರಲ್ಲಿ ಮುಖ್ಯರಾದ ಬಸಲಿಂಗಪ್ಪನವರು ತೀರ್ಪು ಹೇಳಿದರು: "ಗುಡಿ ಕಳಸಕ್ಕಿಂತ ಎತ್ತರ ಯಾವ ಗಳಾನೂ ಏಳಬಾರದು. ಮಾಳಿಗಿ ಮ್ಯಾಲ ತಂತಿ ಇರಬಾರದು. ಈ ಓಣ್ಯಾಗ ಇರಬೇಕಂದ್ರ ಇಷ್ಟು ನಡಸಬೇಕು ನೋಡಪಾ."

ಶಂಕ್ರಪ್ಪ ಎದುರಾಡಲಿಲ್ಲ. ಬಿದಿರು ಇಳಿಸಿದ. ಅದೇ ತಂತಿಯನ್ನು ಹಿತ್ತಲಲ್ಲಿ ಅರಿವೆ ಹರವುವ ಎತ್ತರಕ್ಕೆ ಕಟ್ಟಿದ. ಹಗಲೆಲ್ಲ ಅದರ ಮೇಲೆ ನಿನ್ನ ಸೀರೆ. ಸಂಜೆ ನೀನು ಸೀರೆ ತೆಗೆದ ಮೇಲೆ ಅವನು ಸೆಟ್ಟಿನ ಮುಂದೆ ಕೂಡುತ್ತಿದ್ದ. "ನನ್ನ ಸೀರಿ ಒಣಗೂತನಾ ಇವರ ಬಾಯಿ ಬಂದ್ ನೋಡ್ರಿ ಅಣ್ಣಾರ" ಎಂದು ನೀನೇ ನನಗೆ ಹೇಳಿದ್ದೆ. ಈ ಗುಟ್ಟು ಗೊತ್ತಿದ್ದ ಹೊರಗಿನವನು ನಾನೊಬ್ಬನೇ.

ಅಷ್ಟು ತಗ್ಗಿನಲ್ಲಿದ್ದ ತಂತಿಯಿಂದಲೂ ಒಂದು ಸಂಜೆ ಸಿಲೋನಿನವನೊಬ್ಬನಿಗೆ ಅವನ ಕರೆ ಮುಟ್ಟಿತು. ಉತ್ತರವೂ ಬಂತು. ಶಂಕ್ರಪ್ಪ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಮಾಸ್ತರ್, ನೀವು ಕಲಿಸಿದ ಇಂಗ್ಲೀಷ ಸಮುದ್ರ ದಾಟೇತ್ರಿ!"

ನಾನು ನಕ್ಕೆ. ಮರುದಿನ ಬಸಲಿಂಗಪ್ಪನವರ ಕಟ್ಟೆಯ ಮೇಲೆ ಕುಳಿತು, ಬೇರೆ ಏನೋ ಮಾತಿನ ನಡುವೆ, "ಶಂಕ್ರಪ್ಪನ ಹಿತ್ತಲದಾಗ ಇರೋದು ಬರೇ ಅರಿವಿ ಹಾಕೋ ತಂತಿ ಅಂತ ತಿಳದೀರೇನ್ರಿ?" ಎಂದೆ. ಅಷ್ಟೇ ಎಂದೆ.

ಅವರು ಫೌಜದಾರನನ್ನೇ ಕರೆತಂದರು. ಹಗಲು ಹನ್ನೊಂದರ ಹೊತ್ತು, ಓಣಿಯೆಲ್ಲ ನಿಮ್ಮ ಹಿತ್ತಲಲ್ಲಿ. ಪರವಾನಗಿ ತೋರಿಸು ಎಂದಾಗ ಶಂಕ್ರಪ್ಪ ಅಂಜಲಿಲ್ಲ, ನನ್ನ ಕಡೆ ನೋಡಿದ. ಅವಧಿ ಮುಗಿಯುವ ಮುಂಚೆ ಹೊಸದು ಮಾಡಿಸಬೇಕಾದ ಕಾಗದ ಅದು; ಇಂಗ್ಲಿಷಿನಲ್ಲಿ ಅರ್ಜಿ ಬರೆಯಲೆಂದು ಹಿಂದಿನ ವಾರವಷ್ಟೇ ನನಗೆ ಕೊಟ್ಟಿದ್ದ.

"ಮಾಸ್ತರ್ ಕಡೆ ಐತ್ರಿ, ಸಾಹೇಬ್ರ."

"ನನ್ನ ಕಡೆ ಯಾವ ಕಾಗದಾನೂ ಇಲ್ಲ" ಎಂದೆ.

ಮಾತಾಡಿದವಳು ನೀನು. "ನಾ ಕಣ್ಣಾರೆ ನೋಡೇನ್ರಿ ಅಣ್ಣಾರ. ಇವರು ನಿಮ್ಮ ಕೈಯಾಗ ಕೊಟ್ಟಾರ, ನೀವು ಪುಸ್ತಕದಾಗ ಇಟ್ಕೊಂಡ್ರಿ."

ನಾನು ನಿನ್ನನ್ನು ನೋಡದೆ ಫೌಜದಾರನಿಗೆ ಹೇಳಿದೆ: "ಓದು ಬರದ ಹೆಣ್ಣಮಗಳು. ಯಾವ ಕಾಗದ ನೋಡ್ಯಾಳೋ ಏನೋ."

ಜನ ನಕ್ಕರು. "ಸುಳ್ಳ ಹೇಳಬ್ಯಾಡ್ರಿ!" ಎಂದೆ ನೀನು. ಆ ಮಾತು ಮುಗಿಯುವ ಮೊದಲೇ ಶಂಕ್ರಪ್ಪನ ಕೈ ನಿನ್ನ ಕೆನ್ನೆಗೆ ಬಿತ್ತು. "ಯಾರಿಗೆ ಅಂತಿ ಈ ಮಾತ? ನಾನ ಎಲ್ಲ್ಯೋ ಇಟ್ಟ ಮರತಿರಬೇಕು, ಮಾಸ್ತರ್ ಸುಳ್ಳ ಹೇಳೂ ಮನಷ್ಯಾ ಅಲ್ಲ!"

ಅವನು ನಿನ್ನ ಮೇಲೆ ಕೈಯೆತ್ತಿದ್ದು ಅದೇ ಮೊದಲು; ಅದು ನನಗೆ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು — ಆಡಲಿಲ್ಲ. ನಿಂತು ನೋಡಿದೆ. ಇದನ್ನೂ ಬರೆಯಬೇಕು... ಒಳಗೊಳಗೇ ಹಿಗ್ಗಿದೆ.

ಸೆಟ್ಟು ಒಯ್ದರು. ನಿನ್ನ ಹಸಿ ಸೀರೆ ಮಣ್ಣಿಗೆ ಬೀಳುವಂತೆ ತಂತಿ ಕತ್ತರಿಸಿದರು. ಅವನನ್ನು ನಾಲ್ಕು ದಿನ ಠಾಣೆಯಲ್ಲಿಟ್ಟು ಬಿಟ್ಟರು. ಹೊರಬಂದಾಗ ಊರು ಅವನನ್ನು ಪರದೇಶಕ್ಕೆ ಸುದ್ದಿ ಮಾರುವವನು ಎನ್ನುತ್ತಿತ್ತು. ಅವನ ಅಂಗಡಿಗೆ ಗಡಿಯಾರ ಬರುವುದು ನಿಂತಿತು.

ಆಗಲೂ ಅವನು ಬಂದದ್ದು ನನ್ನ ಹತ್ತಿರವೇ. ದಿಲ್ಲಿಗೆ ಬರೆದರೆ ಪರವಾನಗಿಯ ನಕಲು ಕೊಡುತ್ತಾರಂತೆ, ಬರೆದುಕೊಡಿ ಎಂದ. ಬರೆದೆ. ಓದಿ ಹೇಳಿದೆ. ಸಹಿ ಮಾಡಿದ. ಅಂಚೆಗೆ ನಾನೇ ಹಾಕುತ್ತೇನೆಂದು ಇಸಿದುಕೊಂಡು, ಅದನ್ನೂ ಅವನ ಪರವಾನಗಿಯನ್ನೂ ಕೂಡಿಯೇ ಒಲೆಗೆ ಹಾಕಿದೆ. ಎರಡು ತಿಂಗಳು ಅವನು ಸಾಲೆಯ ಗೇಟಿಗೆ ಬಂದು ನಿಲ್ಲುತ್ತಿದ್ದ. "ದಿಲ್ಲಿಯಿಂದ ಇನ್ನೂ ಏನೂ ಬರಲಿಲ್ಲಲ್ರಿ ಮಾಸ್ತರ್?" "ಬರತದ. ಸರಕಾರದ ಕೆಲಸ, ತಡಾ ಆಗತದ." ಒಂದು ದಿನ ಅವನು ಬರದಿದ್ದರೆ ನಾನೇ ಗೇಟಿನ ಕಡೆ ನೋಡುತ್ತಿದ್ದೆ — ಅಷ್ಟು ರುಚಿ ಹತ್ತಿತ್ತು.

ಆಮೇಲೆ ನೀವು ಊರು ಬಿಟ್ಟು ಇಳಕಲ್ಲಿಗೆ ಹೋದಿರಿ.

ಎಂಟು ವರ್ಷದ ಮೇಲೆ ಸಾಲೆಯ ಕೆಲಸಕ್ಕೆಂದು ಇಳಕಲ್ಲಿಗೆ ಬಂದಾಗ ಅವನು ಸಿಕ್ಕ. ಯಾರದೋ ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದ. ಬೇಡವೆಂದರೂ ಮನೆಗೆ ಕರೆತಂದು ಕೂಡಿಸಿ, ನನ್ನ ಕಾಲ ಬಳಿ ಕುಳಿತ.

"ಮಾಸ್ತರ್, ಅವತ್ತ ಪೊಲೀಸರ ಮುಂದ ನಿಮ್ಮ ಹೆಸರ ತಗದೆ. ನಾನ ಆ ಕಾಗದ ಎಲ್ಲೆರ ಕಳಕೊಂಡಿರಬೇಕು. ಹೊಟ್ಟ್ಯಾಗ ಹಾಕ್ಕೋರಿ." ಆಮೇಲೆ ನಿನ್ನ ಕಡೆ ತಿರುಗಿದ. "ಇಕಿನೂ ಅನ್ನಬಾರದ್ದ ಅಂದ್ಲು. ಬಾ, ಕಾಲ ಮುಟ್ಟ."

ನೀನು ಮುಟ್ಟಿದೆ. "ಇರಲಿ ಬಿಡವಾ, ನಾ ಅದನ್ನೆಲ್ಲಾ ಯಾವಾಗೋ ಮರತೇನಿ" ಎಂದೆ ನಾನು. ಕ್ಷಮಿಸಿದೆ — ಇಬ್ಬರನ್ನೂ! ಏಳುವಾಗ ನೀನು ಒಂದು ಸಲ ನನ್ನ ಮುಖವನ್ನು ನೇರವಾಗಿ ನೋಡಿದೆ. ಒಳಗೆ ಹೋಗಿ ಚಹಾ ತಂದಿಟ್ಟೆ. ನಾನು ಕುಡಿದೆ.

ಹೋದ ತಿಂಗಳು ಶಂಕ್ರಪ್ಪ ತೀರಿದ ಸುದ್ದಿ ಬಂತು. ಸಾಯುವತನಕ ಅವನು ನನ್ನನ್ನು ನಂಬಿದ, ನಿನ್ನನ್ನು ನಂಬಲಿಲ್ಲ. ಇದನ್ನು ಇನ್ನು ಯಾರೂ ಸರಿಮಾಡಲಾರರು.

ನಿನಗೆ ಓದಲು ಬರುವುದಿಲ್ಲ. ಬೇರೆಯವರು ಓದಿ ಹೇಳಲಿ ಎಂದು ಕಳಿಸಿ ಕೈತೊಳೆದುಕೊಳ್ಳಲಾರೆ. ಸೋಮವಾರದ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ನಿನ್ನ ಬಾಗಿಲಲ್ಲಿ, ನಿನ್ನ ಮಕ್ಕಳ ಎದುರು, ನೆರೆಯವರ ಎದುರು ನಿಂತು ಇದನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಓದುತ್ತೇನೆ. ನಿನಗೆ ಪೆಟ್ಟು ಬಿದ್ದದ್ದು ಎಲ್ಲರ ಎದುರಿಗೆ.